ಇರ್ಷಾದ್ ಭಾಯಿಯ ಮನೆ ಸೇರಿದ ಗೋದಾಮು

ಘಾಜಿಯಾಬಾದ್‌ನ ಮಿಕ್ಸರ್ ಕಾರ್ಖಾನೆಯ ಗೇಟಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪರ್ಚೇಸ್ ವಿಭಾಗದ ಸರಳಾ ಶಾಲು ಹೊದ್ದು ಟೆಂಪೋಗೆ ಕಾಯುತ್ತಿದ್ದಾರೆ. ಇವತ್ತಿನ ಮಿಕ್ಸರ್‌ಗಳಿಗೆ ಬೇಕಾದ ರಟ್ಟಿನ ಪೆಟ್ಟಿಗೆ ಅದರಲ್ಲೇ ಬರಬೇಕು. ಬರದಿದ್ದರೆ ಪ್ಯಾಕಿಂಗ್ ನಿಂತಂತೆಯೇ. ಹೆದರಿಕೆ ಆಗುವುದಿಲ್ಲವೇ ಅಂದೆ. "ದಿನಾ ಆಗತ್ತೆ" ಅಂತ ನಕ್ಕರು.

2005ರಲ್ಲಿ ಈ ಕಂಪನಿ ಗೋದಾಮನ್ನೇ ಮುಚ್ಚಿತು. ಬೇಕಾದ ಸಾಮಾನು ಬೇಕಾದ ಹೊತ್ತಿಗೆ ಬಂದರೆ ಸಾಕು, ಕೂಡಿಡುವುದು ದಂಡ ಎಂಬ ಹೊಸ ಪದ್ಧತಿ. 'ಜಸ್ಟ್ ಇನ್ ಟೈಮ್' ಅಂತ ಗೋಡೆಗೆ ದೊಡ್ಡ ಬೋರ್ಡು ಬೇರೆ! ಸಾಹೇಬರಿಗೆಲ್ಲ ಶಹಬ್ಬಾಸ್‌ಗಿರಿ ಸಿಕ್ಕಿತು. ಬೆಳಗ್ಗೆ ಫೋನ್ ಮಾಡಿ ಮಧ್ಯಾಹ್ನಕ್ಕೆ ಪೆಟ್ಟಿಗೆ ತರಿಸುತ್ತಿದ್ದ ಸರಳಾರ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಸರಳಾ ತುಮಕೂರಿನವರು. ಗಂಡ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು, ಬಾಡಿಗೆ ಮನೆ ದೆಹಲಿಯ ಲಕ್ಷ್ಮೀ ನಗರದಲ್ಲಿ. ಹೋದ ಚಳಿಗಾಲದಲ್ಲಿ, ಪೆಟ್ಟಿಗೆ ಮಾಡಿಕೊಡುವ ಇರ್ಷಾದ್ ಭಾಯಿ ಕಾಯಿಲೆ ಬಿದ್ದರೆಂದು ನೋಡಲು ಹೋದ ಸರಳಾ ದಂಗಾಗಿಬಿಟ್ಟರು. ಎರಡೇ ಕೋಣೆಯ ಮನೆ. ಒಂದರಲ್ಲಿ ಸೂರಿನವರೆಗೂ ಪೆಟ್ಟಿಗೆಗಳ ಕಟ್ಟು. ಕಂಪನಿ ಯಾವತ್ತು ಯಾವ ಮಾಡೆಲ್ ಕೇಳುತ್ತದೋ ತಿಳಿಯದೆ ಎಲ್ಲವನ್ನೂ ಮಾಡಿಟ್ಟಿದ್ದರು. ಮನೆಮಂದಿಯೆಲ್ಲ ಇನ್ನೊಂದು ಕೋಣೆಯಲ್ಲಿ ಮಲಗುತ್ತಿದ್ದರು.

"ನಾವು ಗೋದಾಮು ಮುಚ್ಚಿರಲಿಲ್ಲ ರೀ, ಅವರ ಮನೆಗೆ ಸಾಗಿಸಿದ್ವಿ ಅಷ್ಟೇ," ಎನ್ನುತ್ತಾರೆ ಸರಳಾ. " ತುಂಬಾ ಸಂಕಟ ಆಯ್ತು."

ಅಲ್ಲಿಂದ ಬಂದವರೇ ಮ್ಯಾನೇಜರ್ ಚಂದ್ರಮೋಹನರ ಬೆನ್ನುಬಿದ್ದರು. ಯಾವತ್ತು ಯಾವ ಮಾಡೆಲ್ ಎಂದು ವಾರ ಮೊದಲೇ ತಿಳಿಸಬೇಕು, ಆಮೇಲೆ ಬದಲಾಯಿಸಬಾರದು ಎಂಬುದು ಸರಳಾರ ಹಟ. ಮಾರಾಟದವರು ಗೊಣಗಿದರೂ ಕೊನೆಗೆ ಒಪ್ಪಿಗೆ ಸಿಕ್ಕಿತು. ಆದರೆ ಇರ್ಷಾದ್ ಭಾಯಿ ನಂಬಬೇಕಲ್ಲ! ಅಚ್ಛಾ ಅಚ್ಛಾ ಅನ್ನುತ್ತಲೇ ಕೋಣೆ ತುಂಬಿಸಿಯೇ ಇಟ್ಟುಕೊಂಡರು. ಕೇಳಿದ್ದಕ್ಕೆ, "ನಿಮ್ಮನ್ನ ನಂಬ್ತೀನಿ ಬೆಹನ್‌ಜೀ, ಕಂಪನಿನ ಹೇಗೆ ನಂಬಲಿ?" ಅಂದರಂತೆ. ಸರಳಾ ವಾದಕ್ಕಿಳಿಯಲಿಲ್ಲ. ತಿಂಗಳುಗಟ್ಟಲೆ, ಹೇಳಿದ ದಿನ ಹೇಳಿದ ಮಾಡೆಲನ್ನೇ ತರಿಸುತ್ತ ಬಂದರು.

ಅಗೋ, ಟೆಂಪೋ ಬಂತು. ಭಾಯಿಯ ಮನೆಯಲ್ಲಿದ್ದ ಕೊನೆಯ ಕಟ್ಟೂ ಇದರಲ್ಲೇ ಇದೆ, ನಿನ್ನೆ ಆ ಕೋಣೆಗೆ ಸುಣ್ಣ ಹೊಡೆಸಿದರು ಎನ್ನುತ್ತಾನೆ ಡ್ರೈವರ್. ಸರಳಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಆಗಲೇ ಅವರ ಮೊಬೈಲ್ ಬಡಿದುಕೊಳ್ಳುತ್ತದೆ. ಮಾರಾಟ ವಿಭಾಗದ ಗೋಪಿನಾಥ್. ಅವರೂ ನಮ್ಮ ಕರ್ನಾಟಕದ ಕಡೆಯವರೇ. ದೊಡ್ಡ ಗಿರಾಕಿ ಸಿಕ್ಕಿದ್ದಾರೆ, ನಾಳೆ ಬೇರೆ ಮಾಡೆಲ್ ಮಾಡೋಣ, ಇದೊಂದು ಸಲ ಪೆಟ್ಟಿಗೆ ತರಿಸಿಕೊಡಿ ಎನ್ನುತ್ತಿದ್ದಾರೆ. ಆಗುವುದಿಲ್ಲ, ಮುಂದಿನ ವಾರಕ್ಕೆ ಹಾಕುತ್ತೇನೆ ಎನ್ನುತ್ತಾರೆ ಸರಳಾ. ಆ ಕಡೆಯ ದನಿ ಏರುತ್ತದೆ. ಮ್ಯಾನೇಜರ್‌ಗೆ ದೂರು ಕೊಡುವ ಮಾತೂ ಬರುತ್ತದೆ.

"ದೂರು ಕೊಡಿ ಸಾರ್, ನಾನೂ ಅಲ್ಲೇ ಇರ್ತೀನಿ," ಎನ್ನುತ್ತಾರೆ ಸರಳಾ, ದನಿ ಏರಿಸದೆ. "ಇರ್ಷಾದ್ ಭಾಯಿ ಇವತ್ತು ತಾನೇ ನಮ್ಮನ್ನ ನಂಬಿದ್ದಾರೆ."