ಬಾರದ ದಿನಕ್ಕೆ ಹಾಕಿದ ಸಹಿ

ಕೋವಿಡ್ ಮುಗಿದು ಕಾಲೇಜುಗಳು ಮತ್ತೆ ಬಾಗಿಲು ತೆರೆದ ಎರಡನೆಯ ವರ್ಷ. ಕುವೈತ್‌ನ ಒಂದು ಖಾಸಗಿ ಕಾಲೇಜಿನ ಕ್ಲಿನಿಕ್ಕಿನಲ್ಲಿ ನಾನು ಹಿರಿಯ ನರ್ಸ್ ಆಗಿದ್ದೆ. ಹಾಸನ ಬಿಟ್ಟು ಇಪ್ಪತ್ತಮೂರು ವರ್ಷವಾಗಿತ್ತು, ನಿವೃತ್ತಿಗೆ ಇನ್ನೆರಡು ಬಾಕಿ. ಫುಟ್‌ಬಾಲ್ ತಂಡದ ಆರೋಗ್ಯದ ಹೊಣೆಯೂ ನನ್ನದೇ. ಆ ವರ್ಷ ನಮ್ಮ ತಂಡ ಅಂತರ ಕಾಲೇಜು ಚಾಂಪಿಯನ್ ಆಯಿತು. ಆ ಗೆಲುವಿನ ಮಾತೆತ್ತಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ತಂಡದಲ್ಲಿ ಹದಿನೆಂಟು ಜನ. ಈಜಿಪ್ಟ್, ಸಿರಿಯಾ, ಪಾಕಿಸ್ತಾನದವರು, ಜೊತೆಗೆ ನಮ್ಮ ದೇಶದ ಐವರು. ಕೋಚ್ ಸಮೀರ್ ಈಜಿಪ್ಟಿನವರು. ಇಲ್ಲಿ ಕೋಚನ್ನು ಕ್ಯಾಪ್ಟನ್ ಎಂದೇ ಕರೆಯುವುದು. ಮಿಡ್‌ಫೀಲ್ಡರ್ ನಿಶ್ಚಲ್ ರಿಗ್ಗೈ ಬಡಾವಣೆಯಲ್ಲಿ ವಾಸವಿದ್ದ ಕನ್ನಡ ಕುಟುಂಬದವನು. ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದುವರೆಗೆ ಒಂದು ಕಪ್ಪನ್ನೂ ಕಾಣದ ತಂಡ ಆ ಸಲ ಆರು ಪಂದ್ಯಗಳಲ್ಲಿ ಐದನ್ನು ಗೆದ್ದು, ಒಂದನ್ನು ಡ್ರಾ ಮಾಡಿಕೊಂಡು ಫೈನಲ್‌ಗೆ ಬಂದಿತ್ತು.

ಪಂದ್ಯದ ದಿನ ಬೆಳಿಗ್ಗೆ ಒಬ್ಬೊಬ್ಬ ಆಟಗಾರನನ್ನೂ ಪರೀಕ್ಷಿಸಿ ಫಿಟ್‌ನೆಸ್ ಫಾರ್ಮಿಗೆ ಸಹಿ ಹಾಕಬೇಕೆಂಬುದು ನಿಯಮ. ಆದರೆ ಪಂದ್ಯಗಳು ಬರುತ್ತಿದ್ದುದು ಶುಕ್ರವಾರ, ಕ್ಲಿನಿಕ್ಕಿಗೆ ರಜೆಯ ದಿನ. ಹೀಗಾಗಿ ಸೀಸನ್ ಆರಂಭದಲ್ಲೇ ವಿದ್ಯಾರ್ಥಿ ವಿಭಾಗದ ಡೈರೆಕ್ಟರ್ ಮುರಳೀಧರ್ ಏಳೂ ಪಂದ್ಯಗಳ ಫಾರ್ಮುಗಳನ್ನು ಒಂದೇ ಸಲಕ್ಕೆ ಕಳಿಸಿಬಿಟ್ಟರು. ಮೈಸೂರಿನವರು, ಪರಿಚಯಸ್ಥರು. "ಬರೀ ಫಾರ್ಮಾಲಿಟಿ ಮೇಡಂ" ಎಂದರು. ಇಲ್ಲಿನ ಆಫೀಸುಗಳಲ್ಲಿ ಕಾಗದದ ಕಟ್ಟು ಬಂದರೆ ಕೂತಲ್ಲೇ ಸಹಿ ಹಾಕಿ ವಾಪಸು ಕಳಿಸುವುದು ರೂಢಿ. ನಾನೂ ಟೀ ಕುಡಿಯುತ್ತಾ ನೂರ ಇಪ್ಪತ್ತಾರು ಸಹಿ ಹಾಕಿದೆ. ಯಾವ ಪುಣ್ಯಾತ್ಮರೂ ನನ್ನ ಕೈ ಹಿಡಿದು ಬರೆಸಲಿಲ್ಲ.

ಫೈನಲ್ ಮೇ ತಿಂಗಳ ಕೊನೆಯ ವಾರ, ಜಹ್ರಾದ ಒಂದು ಮೈದಾನದಲ್ಲಿ. ಸಂಜೆ ಏಳಕ್ಕಿದ್ದ ಆಟವನ್ನು ಮಧ್ಯಾಹ್ನ ಮೂರಕ್ಕೆ ತಂದರು. ಮುಖ್ಯ ಅತಿಥಿಗೆ ಸಂಜೆ ಬೇರೆ ಕಾರ್ಯಕ್ರಮವಿತ್ತು, ಪ್ರಾಸ್ಪೆಕ್ಟಸ್‌ನ ಫೋಟೋಗಳಿಗೆ ಹಗಲು ಬೆಳಕೂ ಬೇಕಿತ್ತು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಈ ದೇಶದಲ್ಲಿ ಕಾನೂನೇ ಇದೆ. ಅದನ್ನು ನೆನಪಿಸಿದೆ. "ಬ್ಯಾನ್ ಇರೋದು ಜೂನ್ ಒಂದರಿಂದ ಮೇಡಂ. ಅದೂ ಲೇಬರ್‌ಗೆ" ಎಂದರು ಮುರಳೀಧರ್. ಸೂರ್ಯನೂ ಅವರ ಸರ್ಕ್ಯುಲರ್ ಓದಿಕೊಂಡು ಜೂನ್ ಒಂದಕ್ಕೆ ಕಾಯುತ್ತಾನೆಂದು ತಿಳಿದಿದ್ದರೋ ಏನೋ.

ಫೈನಲ್ ಎಂದು ರಜೆಯಿದ್ದರೂ ನಾನು ಮೈದಾನಕ್ಕೆ ಹೋಗಿದ್ದೆ. ಎರಡೂವರೆಗೆ ನಿಶ್ಚಲ್‌ನ ಮುಖ ನೋಡಿದೊಡನೆ ಅನುಮಾನ ಬಂತು. ಹಿಂದಿನ ದಿನದಿಂದ ಭೇದಿಯಾಗುತ್ತಿತ್ತು. ನಾಲಿಗೆ ಒಣಗಿತ್ತು, ನಾಡಿ ಓಡುತ್ತಿತ್ತು. ಡೈರೆಕ್ಟರ್ ಬಳಿಗೆ ಹೋದೆ.

"ನಿಶ್ಚಲ್ ಇವತ್ತು ಆಡೋ ಹಾಗಿಲ್ಲ ಸರ್."

"ಫಿಟ್ ಅಂತ ನಿಮ್ಮ ಸೈನ್ ಇರೋ ಫಾರ್ಮ್ ಆಗ್ಲೇ ಕೊಟ್ಟಾಗಿದೆ. ಈಗ ಉಲ್ಟಾ ಹೊಡೆದ್ರೆ ಅಷ್ಟೂ ಫಾರ್ಮ್ ಸುಳ್ಳು ಅಂತಾರೆ, ಟೀಮನ್ನೇ ಡಿಸ್‌ಕ್ವಾಲಿಫೈ ಮಾಡ್ತಾರೆ. ಹದಿನೆಂಟು ಮಕ್ಕಳಿಗೆ ನೀವೇ ಹೇಳಿ."

ಪಕ್ಕದಲ್ಲೇ ಇದ್ದ ನಿಶ್ಚಲ್ ಇದನ್ನೆಲ್ಲ ಕೇಳಿಸಿಕೊಂಡ. "ಐ ಆಮ್ ಓಕೆ, ಸಿಸ್ಟರ್" ಎಂದ. ಕನ್ನಡ ಬಾರದ ಕ್ಯಾಪ್ಟನ್ ಸಮೀರ್ ಫಾರ್ಮಿನಲ್ಲಿದ್ದ ಸಹಿ ನೋಡಿ, "ಯಲ್ಲಾ" ಎಂದು, ಹೊರಡು ಎನ್ನುವಂತೆ ಅವನ ಬೆನ್ನು ತಟ್ಟಿದರು. ನಾನು ಮೈದಾನದ ನಡುವೆ ನಿಂತು ಕೂಗಬೇಕಿತ್ತು. ಬಾಯಿ ಮುಚ್ಚಿಕೊಂಡು ಬೆಂಚಿನಲ್ಲಿ ಕೂತೆ.

ಅರವತ್ತೆಂಟನೇ ನಿಮಿಷದಲ್ಲಿ ಅವನು ಚೆಂಡಿಲ್ಲದ ದಿಕ್ಕಿಗೆ ಓಡತೊಡಗಿದ, ನಾಲ್ಕು ಹೆಜ್ಜೆಗೆ ಕುಸಿದ. ಹತ್ತಿರ ಹೋದರೆ ಅಸಂಬದ್ಧ ಮಾತು. ಮೈಯ ತಾಪ ನಲವತ್ತೊಂದು ಡಿಗ್ರಿ ದಾಟಿತ್ತು. ಇದು ಹೀಟ್ ಸ್ಟ್ರೋಕ್. ಇಂಥ ಹೊತ್ತಿನಲ್ಲಿ ಮೊದಲು ಮೈ ತಣಿಸಬೇಕು, ಆಸ್ಪತ್ರೆ ಆಮೇಲೆ. ಆಂಬ್ಯುಲೆನ್ಸ್ ಇನ್ನೂ ದಾರಿಯಲ್ಲಿತ್ತು, ನನ್ನ ಹತ್ತಿರ ಇದ್ದದ್ದು ಎರಡು ಐಸ್ ಪ್ಯಾಕ್. ಅತಿಥಿಗಳ ಟೆಂಟಿನಲ್ಲಿ ಮಾತ್ರ ಜ್ಯೂಸ್, ಲಬನ್ ಎಂಬ ಮಜ್ಜಿಗೆಯ ಬಾಟಲಿಗಳನ್ನು ತಣ್ಣಗಿಡಲು ಆಳುದ್ದದ ಟಬ್ ತುಂಬ ಐಸ್ ನೀರಿತ್ತು. ಬಾಟಲಿಗಳನ್ನು ಕಾರ್ಪೆಟ್ಟಿನ ಮೇಲೆ ಎತ್ತಿ ಎಸೆದೆ. "ಅದು ಗೆಸ್ಟ್‌ಗಳಿಗೆ ಮೇಡಂ" ಎಂದು ಮುರಳೀಧರ್ ಅಡ್ಡ ಬಂದರು.

"ಪಕ್ಕಕ್ಕೆ ನಿಂತ್ಕೊಳ್ರಿ" ಎಂದೆ. ಇಪ್ಪತ್ತಮೂರು ವರ್ಷದ ನೌಕರಿಯಲ್ಲಿ ಮೇಲಧಿಕಾರಿಯ ಮೇಲೆ ದನಿಯೇರಿಸಿದ್ದು ಅದೊಂದೇ ಸಲ.

ಕ್ಯಾಪ್ಟನ್ ಮತ್ತು ನಾನು ಅವನನ್ನು ಕುತ್ತಿಗೆಯವರೆಗೆ ಟಬ್ಬಿನಲ್ಲಿ ಮುಳುಗಿಸಿ ಹಿಡಿದೆವು. ಹದಿನಾಲ್ಕು ನಿಮಿಷಕ್ಕೆ ತಾಪ ಮೂವತ್ತೊಂಬತ್ತಕ್ಕೆ ಇಳಿಯಿತು. ಜೀವ ಉಳಿಯಿತು. ಆಂಬ್ಯುಲೆನ್ಸಿನ ಬಾಗಿಲು ಹಾಕುವಾಗ ಹೊರಗೆ ಚಪ್ಪಾಳೆ ಕೇಳಿಸಿತು. ನಮ್ಮವರು ಎರಡನೇ ಗೋಲು ಹೊಡೆದಿದ್ದರು, ಅದೇ ಗೆಲುವಿನ ಗೋಲು.

ಸ್ನಾಯುಗಳು ಕರಗಿ ಅವನ ಕಿಡ್ನಿ ಕೈಕೊಟ್ಟಿತ್ತು. ಮೂರು ವಾರ ಡಯಾಲಿಸಿಸ್ ಆಯಿತು. ಇನ್ನು ಫುಟ್‌ಬಾಲ್ ಬೇಡವೆಂದರು ಡಾಕ್ಟರು. ಕಾಲೇಜಿನ ವಿಚಾರಣಾ ವರದಿ ಒಂದೇ ಪುಟ. ಆಟಗಾರ ಫಿಟ್ ಎಂದು ನರ್ಸ್ ಸಹಿ ಮಾಡಿದ್ದರು, ಆಟಗಾರನೂ ತಾನು ಆರಾಮಾಗಿದ್ದೇನೆ ಎಂದಿದ್ದ. ಮೂರು ಗಂಟೆಗೆ ಆಡಿಸಿದ್ದು ಯಾರು ಎಂಬ ಪ್ರಶ್ನೆ ಅದರಲ್ಲಿ ಇರಲೇ ಇಲ್ಲ. ನನಗೆ ಎಚ್ಚರಿಕೆ ಪತ್ರ ಬಂತು, ಮುರಳೀಧರ್‌ಗೆ ಸನ್ಮಾನವಾಯಿತು. ವರದಿಯನ್ನು ಹರಿದು ಅವರ ಮೇಜಿನ ಮೇಲೆ ಎಸೆಯಬೇಕೆನಿಸಿತು. ಆದರೆ ನನ್ನ ವಿಷಯದಲ್ಲಿ ಅದರಲ್ಲಿದ್ದ ಮಾತು ನಿಜವಾಗಿತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ ನಿಶ್ಚಲ್‌ನ ತಾಯಿ ಶೈಲಜಾ ನನ್ನ ಎರಡೂ ಕೈ ಹಿಡಿದುಕೊಂಡರು. "ನೀವಿಲ್ದಿದ್ರೆ ನನ್ನ ಮಗ ಇರ್ತಿರ್ಲಿಲ್ಲ ಸಿಸ್ಟರ್." ಆ ಕೃತಜ್ಞತೆಯನ್ನು ಸಹಿಸಲಾಗಲಿಲ್ಲ. ಫಾರ್ಮಿನ ಕಥೆಯನ್ನೆಲ್ಲ ಹೇಳಿಬಿಟ್ಟೆ. ಅವರು ಕೈ ಬಿಟ್ಟರು.

"ಇದನ್ನ ಒಳಗೆ ಹೋಗಿ ಅವನಿಗೆ ಹೇಳಿ" ಎಂದರು. "ಎಲ್ಲಾ ತನ್ನದೇ ತಪ್ಪು ಅಂದ್ಕೊಂಡು ದಿನಾ ಅಳ್ತಾನೆ."

ಹೋಗಿ ಹೇಳಿದೆ. ಪರೀಕ್ಷಿಸದೆ ಸಹಿ ಹಾಕಿದ್ದು ನಾನು, ಗೊತ್ತಿದ್ದೂ ಆಡಿಸಿದ್ದು ಡೈರೆಕ್ಟರ್, ನೀನು ಓಕೆ ಅನ್ನುವುದಕ್ಕಿಂತ ಎಷ್ಟೋ ಮೊದಲೇ ದೊಡ್ಡವರೆಲ್ಲ ತಪ್ಪು ಮಾಡಿ ಮುಗಿಸಿದ್ದೆವು ಎಂದೆ. ನನ್ನ ಜೊತೆ ಎಂದೂ ಕನ್ನಡ ಆಡದವನು ಕನ್ನಡದಲ್ಲೇ ಕೇಳಿದ:

"ಹಾಗಾದ್ರೆ ಅಮ್ಮಂಗೆ ಸಾರಿ ಕೇಳೋದು ನಿಲ್ಲಿಸ್ಲಾ?"

ಆಮೇಲಿನ ಎರಡು ವರ್ಷ ನಾನು ಪ್ರತಿ ಶುಕ್ರವಾರ ಮೈದಾನಕ್ಕೆ ಹೋದೆ. ಒಬ್ಬೊಬ್ಬನ ನಾಲಿಗೆ, ನಾಡಿ ನೋಡಿ, ಆ ದಿನದ ಫಾರ್ಮಿಗೆ ಆ ದಿನವೇ ಸಹಿ ಹಾಕಿದೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ನಾವು ಕಣ್ಣಾರೆ ನೋಡದೆ ಬರೆದದ್ದರ ಸಾಲವನ್ನು ಇನ್ನೊಬ್ಬರು ತಮ್ಮ ಮೈಯಲ್ಲಿ ತೀರಿಸುತ್ತಾರೆ, ಮೇಲೆ ಕ್ಷಮೆಯನ್ನೂ ಅವರೇ ಕೇಳುತ್ತಾರೆ.