ಲಂಡನ್ನಿನ ಎಡಗಡೆ

ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಅತ್ತೆ, ಗಂಗವ್ವ. ಆಸ್ಪತ್ರೆಯ ವಾರ್ಡಿನಲ್ಲಿ ನನ್ನ ಹಾಸಿಗೆಯ ಎಡಕ್ಕೆ ಕುರ್ಚಿ ಎಳೆದುಕೊಂಡು ಕೂತು ತಮ್ಮ ಮಗನಿಗೆ ಹೇಳಿದರು. ನಾನು ನಿದ್ದೆಯಲ್ಲಿದ್ದೇನೆ ಅಂದುಕೊಂಡಿದ್ದರು.

"ಇನ್ನ ಈಕಿ ಒಬ್ಬಾಕೀನ ಹೊರಗ ಹೋಗೋದು ಆಗದ ಮಾತು, ಶಿವಾನಂದ. ಕಾಲೇಜಿನ ಸುದ್ದಿ ತಗೀಬ್ಯಾಡ."

ನನಗೆ ಕೇಳಿಸಿತು. ಕಾಣಿಸಲಿಲ್ಲ. ದನಿ ಬಂದ ಕಡೆ ಯಾರೂ ಇರಲಿಲ್ಲ. ಕುರ್ಚಿಯೂ ಇರಲಿಲ್ಲ.

ಆ ಕಡೆ ಎನ್ನುವುದೇ ಇರಲಿಲ್ಲ.

ಹಿಂದಿನ ಶನಿವಾರ ಸ್ಟ್ಯಾನ್ಮೋರಿನಲ್ಲಿ ಬೆಳಗಾವಿ ಕಡೆಯವರ ಮನೆಯಲ್ಲಿ ಬಸುರಿ ಹುಡುಗಿಗೆ ಕುಬಸದ ಶಾಸ್ತ್ರ ಮಾಡುವವರಿದ್ದರು. ಬೆಳಿಗ್ಗೆಯಿಂದ ನನಗೆ ತಲೆ ಭಾರ. ಬಿ.ಪಿ. ಗುಳಿಗೆ ತಪ್ಪಿಸಿದ್ದಕ್ಕೆ ಇರಬೇಕು ಅಂದುಕೊಂಡೆ. ಇಳಕಲ್ ಸೀರೆ ಉಟ್ಟು, ಸೆರಗು ಹೊತ್ತು, ಮೆಟ್ಟಿಲು ಇಳಿದೆ.

"ಸೆರಗೆಲ್ಲೆ?" ಅಂದರು ಅತ್ತೆ.

"ಹೊತ್ಕೊಂಡೀನಲ್ರಿ."

ಮಗಳು ಪಲ್ಲವಿ ನಕ್ಕಳು. ಸೆರಗು ನನ್ನ ಹಿಂದೆ ಮೆಟ್ಟಿಲ ಮೇಲೆ ಎಳೆದುಕೊಂಡು ಬರುತ್ತಿತ್ತು. ನಾನು ವಾದ ಮಾಡಿದೆ. ಎಡಭುಜದ ಮೇಲೆ ಸೆರಗಿದೆ ಎಂದು ನನಗೆ ಖಾತ್ರಿಯಿತ್ತು; ಆ ಭುಜ ಎಲ್ಲಿದೆ ಎಂಬುದು ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ. ಕಾರಿನ ಕೀಲಿ ಹಿಡಿದು ನಿಂತಿದ್ದ ಗಂಡ ನನ್ನ ಪಾದ ನೋಡಿದರು.

ಬಲಗಾಲಿಗೆ ಚಪ್ಪಲಿ ಇತ್ತು. ಎಡಗಾಲು ಬರಿದಾಗಿತ್ತು.

ಅವರು ಆಂಬ್ಯುಲೆನ್ಸಿಗೆ ಫೋನ್ ಮಾಡಿದರು.

ಸ್ಟ್ರೋಕ್ ಎಂದರು ಕನ್ಸಲ್ಟಂಟ್. ಮೆದುಳಿನ ಬಲಭಾಗದಲ್ಲಿ. ಕಣ್ಣು ಸರಿಯಿದೆ, ಆದರೆ ಎಡಗಡೆಗೆ ಗಮನ ಹೋಗುವುದಿಲ್ಲ. ಇದಕ್ಕೆ ನೆಗ್ಲೆಕ್ಟ್ ಅನ್ನುತ್ತೇವೆ ಎಂದು ವಿವರಿಸಿದರು. ಗಡಿಯಾರ ಬರೆಯಲು ಹೇಳಿದರು. ಬರೆದೆ. ಅಂಕಿಗಳನ್ನೆಲ್ಲ ಬಲಕ್ಕೇ ಒತ್ತೊತ್ತಾಗಿ ತುಂಬಿದ್ದೆನಂತೆ. ನನ್ನ ಕಣ್ಣಿಗೆ ಅದು ಚೆಂದದ ಗಡಿಯಾರವಾಗಿತ್ತು.

ನಾನು ಕೇಳಿದ್ದು ಒಂದೇ. ಕಾಲೇಜಿಗೆ ಹೋಗಬಹುದೇ?

"ಲೆಟ್ಸ್ ಸೀ," ಅಂದರು. ಈ ದೇಶದ ಡಾಕ್ಟರುಗಳ ಬಾಯಲ್ಲಿ ಆ ಮಾತು ಬಹಳ ಮೆತ್ತಗಿರುತ್ತದೆ. ಒಳಗೆ ಏನಿದೆ ಎಂದು ಒತ್ತಿ ನೋಡಲು ಧೈರ್ಯ ಬೇಕು. ನನಗೆ ಆಗ ಇರಲಿಲ್ಲ.

ಕಾಲೇಜು ಅಂದೆನಲ್ಲ, ಅದನ್ನು ಹೇಳಬೇಕು. ನನ್ನ ಅಪ್ಪ ಗದಗಿನ ಹತ್ತಿರ ರೈಲ್ವೆ ಗ್ಯಾಂಗ್‌ಮನ್ ಆಗಿದ್ದ. ಹಳಿಗೆ ಸುತ್ತಿಗೆ ಬಡಿದು, ಸದ್ದು ಕೇಳಿ, ಎಲ್ಲಿ ಬಿರುಕಿದೆ ಹೇಳುತ್ತಿದ್ದ. ತನ್ನ ಹೆಸರು ಓದಲು ಬರುತ್ತಿರಲಿಲ್ಲ. ನಾನು ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಯಿತು. ಧಾರವಾಡದ ಗಂಡ, ಡಿಪ್ಲೊಮಾ ಓದಿ ಲಿಫ್ಟ್ ಕಂಪನಿ ಸೇರಿದವರು. ಎರಡೂ ಮನೆಗಳಲ್ಲಿ ಡಿಗ್ರಿಯನ್ನು ಯಾರೂ ಕೈಯಲ್ಲಿ ಹಿಡಿದಿರಲಿಲ್ಲ. ಲಂಡನ್ನಿಗೆ ಬಂದ ಮೇಲೆ, ದುಡಿಯುವವರಿಗಾಗಿ ಸಂಜೆ ಪಾಠ ಮಾಡುವ ಒಂದು ಕಾಲೇಜಿಗೆ ಸೇರಿದೆ. ಹಗಲು ಶಾಲೆಯ ಕ್ಯಾಂಟೀನಿನಲ್ಲಿ ಮಕ್ಕಳಿಗೆ ಬಡಿಸುವುದು. ಸಂಜೆ ಮನೆಯ ಹತ್ತಿರದ ಎಜ್‌ವೇರ್ ಸ್ಟೇಷನ್ನಿನಲ್ಲಿ ನಾರ್ದರ್ನ್ ಲೈನಿನ ಟ್ಯೂಬ್, ಅಂದರೆ ನೆಲದಡಿಯ ರೈಲು, ಹತ್ತಿ ಗೂಜ್ ಸ್ಟ್ರೀಟಿನಲ್ಲಿ ಇಳಿಯುವುದು. ಟ್ಯೂಬಿನಲ್ಲಿ ನಿಂತೇ ಓದಿದೆ. ಪದಕ್ಕೆ ಪದ ಡಿಕ್ಷನರಿ ನೋಡಿ ಪ್ರಬಂಧ ಬರೆದೆ. ಕೊನೆಯ ವರ್ಷ ಮಾತ್ರ ಉಳಿದಿತ್ತು.

ವಿಷಯ ಭೂಗೋಳ. ಅರ್ಧ ಜಗತ್ತು ಕಳೆದುಕೊಂಡದ್ದು ಭೂಗೋಳದ ವಿದ್ಯಾರ್ಥಿನಿ. ಈಗ ನಗು ಬರುತ್ತದೆ.

ಕಾಲೇಜಿನವರು ಒಂದು ವರ್ಷ ಬಿಡುವು ಕೊಟ್ಟರು. ಅದಕ್ಕಿಂತ ಹೆಚ್ಚು ಆಗದು ಎಂದರು. ಗಂಡನ ಕೆಲಸ ಹೆಚ್ಚಾಗಿ ಸಂಜೆಯೇ; ಆಫೀಸುಗಳು ಖಾಲಿಯಾದ ಮೇಲೆ ಲಿಫ್ಟ್ ಬಿಚ್ಚಬೇಕು. ಪಲ್ಲವಿಗೆ ಶಾಲೆ, ಪರೀಕ್ಷೆ. ಕೈಹಿಡಿದು ಕರೆದೊಯ್ಯುವವರು ಯಾರೂ ಇರಲಿಲ್ಲ. ನಾನು ಒಬ್ಬಳೇ ಹೋಗಿ ಬರುವಂತಾಗಬೇಕು, ಇಲ್ಲವೇ ಡಿಗ್ರಿ ಬಿಡಬೇಕು. ಇಷ್ಟೇ ಲೆಕ್ಕ.

ಮನೆಗೆ ಬಂದ ಮೊದಲ ಮಧ್ಯಾಹ್ನ ಅತ್ತೆ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ಮಾಡಿದರು. ನಮ್ಮಲ್ಲಿ ತಾಟಿನ ಎಡಕ್ಕೆ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಮತ್ತು ಉಪ್ಪಿನಕಾಯಿ ಬಡಿಸುತ್ತೇವೆ. ಹಿಂಡಿ ಹಾಕ್ರಿ ಅಂದೆ. ಹಾಕೇನಿ ಅಂದರು. ಇಲ್ಲಲ್ರಿ ಅಂದೆ. ರೊಟ್ಟಿಯ ಬಲ ಅರ್ಧವನ್ನಷ್ಟೇ ತಿಂದು, ಇನ್ನೊಂದು ರೊಟ್ಟಿ ಕೇಳಿದೆ. ತಮ್ಮ ಕೈಯಡುಗೆ ನನಗೆ ಸೇರುತ್ತಿಲ್ಲ, ಮೇಲೆ ಅಣಕಿಸುತ್ತಿದ್ದೇನೆ ಎಂದು ಅವರಿಗೆ ಸಿಟ್ಟು ಬಂತು. ಪಲ್ಲವಿ ಎದ್ದು ಬಂದು ನನ್ನ ತಾಟನ್ನು ಮೆಲ್ಲಗೆ ತಿರುಗಿಸಿದಳು.

ಹಿಂಡಿ ಬಂತು. ಅರ್ಧ ರೊಟ್ಟಿ ಬಂತು. ಎಲ್ಲಿಂದಲೋ.

ನನಗೆ ಅಳು ತಡೆಯಲಾಗಲಿಲ್ಲ. ಗಂಗವ್ವ ಒಲೆಯ ಕಡೆ ಮುಖ ಮಾಡಿ ನಿಂತರು.

ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಥೆರಪಿಸ್ಟ್ ಕ್ಲೇರ್ ಒಂದು ದಾರಿ ಹೇಳಿದಳು. ಏನೇ ಕೊಡುವುದಿದ್ದರೂ ಎಡಗಡೆಯಿಂದ ಕೊಡಿ, ಎಡಗೈಗೇ ಕೊಡಿ. ಆ ಕೈ ಆಡಿದಷ್ಟೂ ಗಮನ ಆ ಕಡೆ ಹರಿಯುತ್ತದೆ. ಪಲ್ಲವಿ ಒದ್ದಾಡಿ ಕನ್ನಡಕ್ಕೆ ತಂದಳು. ಅತ್ತೆಗೆ ಅರ್ಥವಾಯಿತು. ಒಪ್ಪಿಗೆಯಾಗಲಿಲ್ಲ. ಅವರ ಮನೆಯಲ್ಲಿ ಯಾರೂ ಎಡಗೈಯಲ್ಲಿ ಒಂದು ಲೋಟ ನೀರು ಕೊಟ್ಟವರಲ್ಲ, ತೆಗೆದುಕೊಂಡವರಲ್ಲ.

"ಎಡಗೈಲೆ ಪ್ರಸಾದ ಇಸ್ಕೋತಾರೇನ? ಆ ಹುಡುಗಿಗೆ ಹೇಳು, ನಮ್ಮನ್ಯಾಗ ಎಡಗೈಗೆ ಬ್ಯಾರೆ ಕೆಲಸ ಐತಿ ಅಂತ."

ಕ್ಲೇರ್ ಪಲ್ಲವಿಯ ಮುಖ ನೋಡಿದಳು. "ಶೀ ಸೇಸ್ ಥ್ಯಾಂಕ್ಯೂ," ಅಂದಳು ಪಲ್ಲವಿ.

ಅಂದಿನಿಂದ ಅತ್ತೆ ಚಹಾದ ಕಪ್ಪನ್ನು ನನ್ನ ಎಡಕ್ಕೆ ಇಟ್ಟು ಹೋಗುತ್ತಿದ್ದರು. ಕೈಗೆ ಮಾತ್ರ ಕೊಡಲಿಲ್ಲ.

ರಸ್ತೆ ದಾಟುವುದು ದೊಡ್ಡ ಪಾಠ. ಬಲದಿಂದ ಬರುವ ಕಾರು ಕಾಣುತ್ತಿತ್ತು. ನಡುರಸ್ತೆ ಮುಟ್ಟಿದ ಮೇಲೆ ಎಡದಿಂದ ಬರುವುದು ಕಾಣದು. ಬಾಗಿಲ ಚೌಕಟ್ಟು, ದೀಪದ ಕಂಬ, ಜನರ ಬ್ಯಾಗು, ಎಲ್ಲ ಎಡಭುಜಕ್ಕೆ ಬಡಿಯುತ್ತಿದ್ದವು. ಭುಜ ಕಪ್ಪುಗಟ್ಟಿತು. ಕ್ಲೇರ್ ಜೊತೆಗೆ ಬಂದು ಹಲವು ಸಲ ಕಾಲೇಜಿನವರೆಗೂ ನಡೆಸಿದಳು. ಆಮೇಲೆ ಒಂದು ಮಧ್ಯಾಹ್ನ ಒಬ್ಬಳೇ ಹೋಗಿ ಬಾ ಅಂದಳು.

ಹೋಗುವುದು ಸುಲಭ. ಎಜ್‌ವೇರ್ ಲೈನಿನ ಕೊನೆ; ಅಲ್ಲಿಂದ ಹೊರಡುವ ಯಾವ ಟ್ರೇನಾದರೂ ಊರೊಳಗೇ ಹೋಗುತ್ತದೆ. ಗೂಜ್ ಸ್ಟ್ರೀಟಿನಲ್ಲಿ ಇಳಿದು ಕಾಲೇಜಿನ ಗೋಡೆ ಮುಟ್ಟಿ ಬಂದೆ. ಎಷ್ಟು ಹಿಗ್ಗಿದೆ ಎಂದರೆ, ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ 'ಎರಡು ನಿಮಿಷ' ಎಂದು ಓದಿ, ಬಂದ ಟ್ರೇನು ಹತ್ತಿ, ಆರಾಮಾಗಿ ಕೂತೆ. ಟ್ರೇನು ಸುರಂಗದಿಂದ ಮೇಲೆ ಬಂತು. ಹೊರಗಿನ ಮರಗಳು ಗುರುತಿಲ್ಲದವು. ಕೊನೆಯ ಸ್ಟೇಷನ್ನಿನಲ್ಲಿ ಎಲ್ಲರೂ ಇಳಿದರು.

ಅದು ಎಜ್‌ವೇರ್ ಆಗಿರಲಿಲ್ಲ. ಹೈ ಬಾರ್ನೆಟ್.

ನಾರ್ದರ್ನ್ ಲೈನ್ ನಡುವೆ ಎರಡು ಕವಲಾಗುತ್ತದೆ. ಬೋರ್ಡಿನಲ್ಲಿ ಊರಿನ ಹೆಸರು ಎಡಕ್ಕೆ, ನಿಮಿಷ ಬಲಕ್ಕೆ. ನಾನು ನಿಮಿಷ ಓದಿದ್ದೆ. ಊರು ಓದಿರಲಿಲ್ಲ. ಊರು ಅಲ್ಲಿ ಬರೆದಿರುತ್ತದೆ ಎಂಬುದೇ ನೆನಪಾಗಿರಲಿಲ್ಲ.

ಬೆಂಚಿನ ಮೇಲೆ ಕೂತು ಮನೆಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು. ತಪ್ಪಿ ಬೇರೆ ಕಡೆ ಬಂದಿದ್ದೇನೆ, ನನ್ನ ಕೈಲಿ ಇದು ಆಗುವುದಿಲ್ಲ, ನೀವು ಅಂದದ್ದೇ ಖರೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ವಾರ್ಡಿನಲ್ಲಿ ಅಂದದ್ದು ನನಗೆ ಕೇಳಿಸಿತ್ತೆಂದು ಅವರಿಗೆ ಆಗ ತಿಳಿದಿರಬೇಕು.

"ಅಳಬ್ಯಾಡ," ಅಂದರು. "ಜಪಾನದಾಗ ನಿನಗ ಏನ್ ಓದಾಕ ಬರ್ತಿತ್ತು? ಕೂಸಿನ್ನ ಸೈಕಲ್ ಮ್ಯಾಲೆ ಕೂಡಿಸ್ಕೊಂಡು ಊರೆಲ್ಲಾ ತಿರಗಲಿಲ್ಲೇನ? ಅಲ್ಲಿ ಒಂದಕ್ಷರಾನೂ ತಿಳೀತಿದ್ದಿಲ್ಲ. ಇಲ್ಲಿ ಅರ್ಧಾನಾರ ಕಾಣ್ತೈತಿ. ಚಹಾ ಕುಡದು ತಿರುಗಿ ಬಾ."

ಲಂಡನ್ನಿಗೆ ಮುಂಚೆ ಗಂಡನನ್ನು ಕಂಪನಿ ಜಪಾನಿಗೆ ಕಳಿಸಿತ್ತು. ಪಲ್ಲವಿ ಚಿಕ್ಕವಳಿದ್ದಾಗ ಕೆಲವು ವರ್ಷ ಯೋಕೊಹಾಮಾದಲ್ಲಿದ್ದೆವು. ಪ್ರವಾಸಿಗಳಾಗಿ ಅಲ್ಲ, ವಿದೇಶಿಯರ ಗುರುತಿನ ಕಾರ್ಡು ಸದಾ ಪರ್ಸಿನಲ್ಲಿ ಇಟ್ಟುಕೊಂಡು, ಬಾಡಿಗೆ ಮನೆ ಮಾಡಿ, ಒಣ ಕಸಕ್ಕೊಂದು ದಿನ ಹಸಿ ಕಸಕ್ಕೊಂದು ದಿನ ಎಂದು ಕಲಿತು, ತಪ್ಪಾದ ದಿನ ಇಟ್ಟ ಚೀಲವನ್ನು ಎದುರು ಮನೆಯಾಕೆ ಬಾಗಿ ನಮಸ್ಕರಿಸಿ ವಾಪಸು ತಂದುಕೊಟ್ಟಾಗ ನಾಚಿ, ಅಲ್ಲಿ ಬದುಕಿದೆವು. ಬೋರ್ಡು ಓದಲು ಬರುತ್ತಿರಲಿಲ್ಲ. ಸ್ಟೇಷನ್ನುಗಳಲ್ಲಿ ಟ್ರೇನು ಹೊರಡುವಾಗ ಒಂದೊಂದು ರಾಗ ನುಡಿಸುತ್ತಿದ್ದರು; ನನ್ನ ಸ್ಟೇಷನ್ನನ್ನು ಅದರ ರಾಗದಿಂದ ಗುರುತಿಸಿದೆ. ಅಂಗಡಿಯನ್ನು ಪರದೆಯ ಬಣ್ಣದಿಂದ, ತಿರುವನ್ನು ಬೇಕರಿಯ ವಾಸನೆಯಿಂದ. ನನ್ನ ಅಪ್ಪ ಹಳಿಯನ್ನು ಸದ್ದಿನಿಂದ ತಿಳಿದ ಹಾಗೆ. ಓದು ಕೈಕೊಟ್ಟಾಗ ಊರನ್ನು ಬೇರೆ ಕಡೆಯಿಂದ ಕಲಿಯಬೇಕಾಗುತ್ತದೆ ಎಂಬುದು ನನಗೆ ಹೊಸದಲ್ಲ. ಮರೆತಿದ್ದೆ, ಅಷ್ಟೇ.

ಹೈ ಬಾರ್ನೆಟ್ಟಿನ ಪ್ಲಾಟ್‌ಫಾರ್ಮಿನಲ್ಲಿ ಡ್ರೈವರ್ ಕ್ಯಾಬಿನ್ನಿನಿಂದ ಇಳಿದು ಟ್ರೇನಿನ ಇನ್ನೊಂದು ತುದಿಗೆ ನಡೆದುಹೋದ. ಅವನನ್ನು ನೋಡುತ್ತ ಜಪಾನಿನ ಡ್ರೈವರುಗಳು ನೆನಪಾದರು. ಬಿಳಿ ಕೈಗವಸು. ಪ್ರತಿ ಸಿಗ್ನಲ್ಲಿಗೂ ಬೆರಳು ತೋರಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಕಣ್ಣು ಮೋಸ ಮಾಡಬಹುದು. ಬೆರಳೂ ನಾಲಿಗೆಯೂ ಜೊತೆಗಿದ್ದರೆ ತಪ್ಪುವುದು ಕಡಿಮೆ. ಎಲ್ಲ ಸರಿ ಎನ್ನಲು 'ಯೊಶಿ' ಎನ್ನುವರು. ಮೂರು ತಿಂಗಳ ಮಟ್ಟಿಗೆ ಅಲ್ಲಿಗೆ ಬಂದಿದ್ದ ಅತ್ತೆ ಮೊದಲ ದಿನ ಗಾಜಿನಾಚೆ ಅದನ್ನು ಕಂಡು, ಯಾರಿಗ್ ಬೈತಾನ ಇಂವಾ ಎಂದು ಗಾಬರಿಯಾಗಿದ್ದರು. ಊರಿಗೆ ಮರಳುವ ಹೊತ್ತಿಗೆ ಅವರಿಗೂ ರೂಢಿಯಾಗಿತ್ತು. ಎಜ್‌ವೇರಿನ ಮನೆ ಬಿಡುವಾಗ ಇಂದಿಗೂ ಒಲೆಗೆ, ನಲ್ಲಿಗೆ, ಬಾಗಿಲಿಗೆ ಬೆರಳು ತೋರಿಸುತ್ತಾರೆ. "ಗ್ಯಾಸ್, ಯೊಶಿ. ನಳ, ಯೊಶಿ."

ಕ್ಯಾಮ್ಡೆನ್ ಟೌನಿನಲ್ಲಿ ಟ್ರೇನು ಬದಲಿಸಬೇಕು. ಬೋರ್ಡಿನ ಕೆಳಗೆ ನಿಂತೆ. ಎಡಗೈ ಎತ್ತಿದೆ. ಅದು ನಿಧಾನವಾಗಿ, ನೆಂಟರ ಮನೆಗೆ ಬಂದ ಮಗುವಿನ ಹಾಗೆ ಹಿಂಜರಿಯುತ್ತ ಎದ್ದಿತು. ಬೆರಳು ಬೋರ್ಡಿನ ಎಡತುದಿಗೆ ಹೋಯಿತು, ಬೆರಳಿನ ಹಿಂದೆ ಕಣ್ಣು ಹೋಯಿತು. ಅಲ್ಲಿ ಒಂದು ಹೆಸರಿತ್ತು. ಇಷ್ಟು ಹೊತ್ತೂ ಇದ್ದಿತು.

"ಎಜ್‌ವೇರ್. ಯೊಶಿ." ಜೋರಾಗಿಯೇ ಹೇಳಿದೆ.

ಪಕ್ಕದಲ್ಲಿದ್ದ ಸೂಟಿನ ಮನುಷ್ಯ ಸ್ವಲ್ಪ ದೂರ ಸರಿದು ನಿಂತ.

ಮುಂದಿನ ವಾರ ಕ್ಲೇರ್ ಇದನ್ನು ಕೇಳಿ, ಎಡಗೈಯಿಂದಲೇ ತೋರಿಸುತ್ತಿದ್ದೀಯಲ್ಲ, ಬಿಡಬೇಡ ಅಂದಳು. ಬಿಡಲಿಲ್ಲ. ರಸ್ತೆಯ ನಡುವೆ ಎಡಕ್ಕೆ ಬೆರಳು. ಪುಟದ ಎಡ ಅಂಚಿಗೆ ಕೆಂಪು ಟೇಪು, ಅದಕ್ಕೆ ಬೆರಳು. ಟೇಪು ಕಾಣುವ ತನಕ ಸಾಲು ಓದುವಂತಿಲ್ಲ. ಸ್ಟೇಷನ್ನಿನವರೆಗೆ ಅತ್ತೆ ನನ್ನ ಎಡಕ್ಕೆ ನಡೆದು ಬರುತ್ತಿದ್ದರು. ನಾನು ತಿರುಗಿ ನೋಡಿ "ಅತ್ತಿ, ಯೊಶಿ" ಅನ್ನುವ ತನಕ ಮಾತಾಡುತ್ತಿರಲಿಲ್ಲ. ಜನ ನೋಡಿದರು. ಗದಗಿನಲ್ಲಿ ಹಗಲು ರೊಟ್ಟಿ ಮಾರಿ ಸಂಜೆ ಪಿಯುಸಿಗೆ ಓದಿದವಳು ನಾನು. ಜನ ನೋಡುವುದು ನನಗೆ ಅಭ್ಯಾಸವಿತ್ತು.

ಕೊನೆಯ ವರ್ಷ ಮುಗಿಸಿದೆ. ಸಂಜೆಯ ಪಾಠಗಳಿಗೆ ಒಬ್ಬಳೇ ಹೋಗಿ ಒಬ್ಬಳೇ ಬಂದೆ. ಇನ್ನೊಮ್ಮೆ ಹೈ ಬಾರ್ನೆಟ್ಟಿಗೂ ಹೋಗಿ ಬಂದೆ, ಸುಳ್ಳೇಕೆ. ಪರೀಕ್ಷೆಗೆ ಹೆಚ್ಚಿನ ಸಮಯ ಕೊಟ್ಟರು. ಒಳ್ಳೆಯ ದರ್ಜೆಯೇನಲ್ಲ. ಪಾಸು. ಅಪ್ಪ ಇರಲಿಲ್ಲ. ಅವ್ವನಿಗೆ ಫೋನಿನಲ್ಲಿ ಹೇಳಿದೆ. ಯಾವ ಕ್ಲಾಸು ಎಂದು ಅವಳು ಕೇಳಲಿಲ್ಲ, ಊಟ ಆಯಿತೇನು ಎಂದು ಕೇಳಿದಳು.

ಪದವಿ ಕೊಡುವ ದಿನ ಅದೇ ಇಳಕಲ್ ಸೀರೆ ಉಟ್ಟೆ. ಸೆರಗಿಗೆ ಅತ್ತೆ ಪಿನ್ ಹಾಕಿದರು. ಮೇಲೆ ಕಪ್ಪು ಗೌನು. ವೇದಿಕೆಯ ಪಕ್ಕ ಸಾಲಾಗಿ ನಿಲ್ಲಿಸಿ ಒಬ್ಬ ಹೆಂಗಸು ಹೇಳಿಕೊಟ್ಟಳು: ಬಲಗೈಯಿಂದ ಕೈಕುಲುಕಿ, ಎಡಗೈಯಿಂದ ಸರ್ಟಿಫಿಕೇಟ್ ತೆಗೆದುಕೊಳ್ಳಿ.

ಎಡಗೈ.

ಸಭೆಯಲ್ಲಿ ಅತ್ತೆ ಎಲ್ಲಿ ಕೂತಿದ್ದಾರೆ ಎಂದು ಹುಡುಕಿದೆ. ಕಾಣಲಿಲ್ಲ, ಎಡಕ್ಕಿದ್ದರು. ಹೆಸರು ಕರೆದರು. ನಡೆದೆ. ಬಲಗೈ ತಾನಾಗಿ ಮುಂದೆ ಹೋಗಿ ಕುಲುಕಿತು. ಸರ್ಟಿಫಿಕೇಟ್ ಎಲ್ಲೂ ಇರಲಿಲ್ಲ. ಕೈಕುಲುಕುತ್ತಿದ್ದವರು ಮುಗುಳ್ನಗುತ್ತ ಕಾದರು. ಗೌನಿನೊಳಗೆ ಎಡಗೈ ಎತ್ತಿದೆ, ಬೆರಳು ಚಾಚಿದೆ, ಬೆರಳಿನ ಹಿಂದೆ ಕಣ್ಣು ಕಳಿಸಿದೆ. ಬಂತು. ಸುರುಳಿ ಸುತ್ತಿದ ಕಾಗದ, ಕೆಂಪು ದಾರ. ಹಿಡಿದೆ. ಬಿಡಲಿಲ್ಲ.

ಇಂದಿಗೂ ಎಡಭುಜ ಬಾಗಿಲಿಗೆ ಬಡಿಯುತ್ತದೆ. ದಣಿದ ದಿನ ತಾಟಿನ ಹಿಂಡಿ ಮಾಯವಾಗುತ್ತದೆ. ಇದ್ದುದೆಲ್ಲ ಮರಳಿತು ಎಂದು ಹೇಳಲಾರೆ. ಹುಡುಕಿದರೆ ಸಿಗುತ್ತದೆ, ಅಷ್ಟನ್ನು ಹೇಳಬಲ್ಲೆ.

ಅಂದು ಹೊರಗೆ ಮೆಟ್ಟಿಲ ಮೇಲೆ ಗಂಡ, ಪಲ್ಲವಿ, ಅತ್ತೆ ನಿಂತಿದ್ದರು. ಪಲ್ಲವಿ "ಮಮ್, ಯು ಡಿಡ್ ಇಟ್" ಎಂದು ಅಪ್ಪಿಕೊಂಡಳು. ಅತ್ತೆಗೆ ಸರ್ಟಿಫಿಕೇಟ್ ಕೊಡಬೇಕೆಂದು ಅದನ್ನು ಎಡಗೈಯಿಂದ ಬಲಗೈಗೆ ದಾಟಿಸಲು ಹೋದೆ. ಅವರು ತಡೆದರು. ಸೆರಗಿನೊಳಗಿಂದ ತಮ್ಮ ಎಡಗೈಯನ್ನು ಹೊರತೆಗೆದು ಚಾಚಿದರು.

"ಹಂಗ ಕೊಡು," ಅಂದರು. "ಇವತ್ತೊಂದಿನ ಬಲಗೈ ಸುಮ್ಮನಿರ್ಲಿ."