ಕೆಂಚನಿಗೆ ಹಾಕಿದ ಕೊನೆಯ ರೊಟ್ಟಿ

ಆಗ ನನಗೆ ಅರವತ್ಮೂರು. ಒಂಬತ್ತು ವರ್ಷದ ಹಿಂದಿನ ಮಾತು. ಸವಣೂರಿನ ನಮ್ಮ ಓಣಿಯ ನಾಯಿ ಕೆಂಚನಿಗೆ ಹೊಟ್ಟೆ ಕೆಟ್ಟಿತು.

(ಹೇಸಿಗೆ ಅನಿಸಿದರೆ ಪುಟ ಮಗುಚಿರಿ. ನಾನು ಕಲಿತದ್ದು ಮೂರನೇ ಇಯತ್ತೆ. ಭೇದಿಗೆ ಚಂದದ ಹೆಸರು ನನಗೆ ಬರುವುದಿಲ್ಲ.)

ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಬುತ್ತಿ ಬಿಚ್ಚಿದ್ದೆವು. ಕೆಂಚ ಹಿಂದೆಯೇ ಬಂದಿತ್ತು. ಒಬ್ಬರು ಹೋಳಿಗೆ ಎಸೆದರು, ಇನ್ನೊಬ್ಬರು ಕರಿದ ಕಡಬು. ಮಾರನೆಯ ದಿನ ಹೊತ್ತೇರುವಷ್ಟರಲ್ಲಿ ವಾಂತಿ, ಭೇದಿ ಎರಡೂ. ಟಂಟಂ ಆಟೋದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಒಯ್ದೆ.

ಡಾಕ್ಟರ್ ಸೂಜಿ ಚುಚ್ಚಿ ಹೇಳಿದರು: "ಇವತ್ತ ಹೊಟ್ಟಿಗೆ ಏನೂ ಹಾಕಬ್ಯಾಡ್ರಿ. ನೀರು ಸ್ವಲ್ಪ ಸ್ವಲ್ಪ ಕುಡಸ್ರಿ. ನಾಳಿಂದ ಉಪ್ಪಿಲ್ಲದ ಅಕ್ಕಿ ಗಂಜಿ, ಬೊಗಸಿಯಷ್ಟ, ದಿನಕ್ಕ ನಾಕು ಸಲ. ಹಾಲು, ಎಣ್ಣಿ, ರೊಟ್ಟಿ ಬ್ಯಾಡ. ಮನಷ್ಯಾರ ಗುಳಿಗಿ ಅಂತೂ ಬ್ಯಾಡೇ ಬ್ಯಾಡ. ನಿಲ್ಲಲಿಲ್ಲಂದ್ರ ಮತ್ತ ತರ್ರಿ, ಮೈಯಾನ ನೀರು ಹೋದ್ರ ಉಳಿಯೂದಿಲ್ಲ."

"ಇಷ್ಟ ಏನ್ರಿ?"

"ಇಷ್ಟು ಮಾಡೂದ ಕಷ್ಟ ಐತಿ, ಯವ್ವಾ," ಅಂದರು.

ನನಗೆ ನಗು ಬಂತು. ಆರು ಮಕ್ಕಳ ಹೊಟ್ಟೆ ನೋಡಿದವಳಿಗೆ ಒಂದು ನಾಯಿ ಹೆಚ್ಚೇ?

ಮನೆಯ ಮುಂದೆ ಕಟ್ಟಿಹಾಕಿದೆ. ಎರಡನೆಯ ದಿನ ಗಂಜಿ ಕುಡಿಯಿತು, ಬಾಲ ಆಡಿಸಿತು. ಸಂಜೆಗೆ ಮತ್ತೆ ಅದೇ ರಾಡಿ. ಮೂರನೆಯ ದಿನವೂ ಅದೇ. ನಾಲ್ಕನೆಯ ದಿನ ಬೆಳಿಗ್ಗೆ ಏಳಲಾರದೆ ಮಲಗಿತ್ತು. ಪಕ್ಕೆಲುಬು ಎಣಿಸಬಹುದಿತ್ತು.

ಯಾರೋ ತಿನಿಸುತ್ತಿದ್ದಾರೆ ಅನಿಸಿತು. ನಮ್ಮ ಓಣಿಯಲ್ಲಿ ಹಂಚಿನಿಂದ ತೆಗೆದ ಕೊನೆಯ ರೊಟ್ಟಿ ನಾಯಿಯದು. ಹಾಲಿನ ಬೋಗುಣಿಯ ತಳದಲ್ಲಿ ಅದ್ದಿ ಹೊರಗಿಟ್ಟ ಮೇಲೆಯೇ ಒಲೆ ಆರಿಸುವುದು. ಯಾರೂ ಹೇಳಿಕೊಟ್ಟದ್ದಲ್ಲ.

ಯಾರಿರಬಹುದು? ಗೋಡೆಗೆ ಗೋಡೆ ಹತ್ತಿದ ಮನೆ ಖಾತೂನಬಿಯದು. ನಲವತ್ತು ವರ್ಷದ ನೆರೆ. ಅವಳ ಮನೆಯಲ್ಲಿ ಚಹಾ ಬಿಟ್ಟು ನಾನು ಬೇರೇನೂ ಬಾಯಿಗೆ ಹಾಕಿದವಳಲ್ಲ. ಒಲೆಯ ಮೇಲೆ ಮಾಂಸ ಬೇಯುತ್ತದೆ ಅಂತ. ಅವಳೂ ಒತ್ತಾಯ ಮಾಡಿದವಳಲ್ಲ.

ಓಣಿಗೆಲ್ಲ ಕೇಳುವಂತೆ ಕೂಗಿದೆ: "ಖಾತೂನಬೀ, ಏನ ಹಾಕಾಕತ್ತಿ ಇದಕ್ಕ? ಎಲುಬು ತಿನಿಸಿ ಕೊಲ್ತೀಯೇನ?"

ಅವಳು ಹೊರಗೆ ಬಂದಳು. ಕೈಯಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿ ತೋರಿಸಿದಳು. ಮೂರು ರೊಟ್ಟಿ, ಎರಡು ಒಣಗಿ ಸೆಟೆದಿದ್ದವು.

"ಮೂರು ದಿನದ್ದ ಅದಾವು, ಎಣಿಸ್ಕೊ. ನಾಯಿ ರೊಟ್ಟಿ ಬಡೀಲಾರದ ಇರಾಕ ಆಗಲಿಲ್ಲ, ಬಡದೇನಿ. ಅದರ ಬಾಯಿಗೆ ಹಾಕಿಲ್ಲ. ನಿನ್ನ ಕೈಯಾಗ ಏನೈತಿ, ಅದನ್ನ ನೋಡಕ್ಕಾ ಮೊದಲ."

ನೋಡಿದೆ. ನನ್ನ ಬಲಗೈಯಲ್ಲಿ ಅವತ್ತಿನ ಕೊನೆಯ ರೊಟ್ಟಿ. ಹಾಲು ತೊಟ್ಟಿಕ್ಕುತ್ತಿತ್ತು.

"ನಿನ್ನೀನೂ ಇಟ್ಟಿ, ಮೊನ್ನೀನೂ ಇಟ್ಟಿ. ಗ್ವಾಡಿ ಮ್ಯಾಲಿಂದ ನಾ ನೋಡೇನಿ. ಡಾಕ್ಟರ್ ಇಡು ಅಂದಾರೇನೋ ಅನ್ಕೊಂಡೆ."

ಡಾಕ್ಟರ್ ಹೇಳಿದ್ದು ನನ್ನ ಕಿವಿಗೆ. ಕೈಗೆ ಯಾರು ಹೇಳಬೇಕಿತ್ತು? ಐವತ್ತು ವರ್ಷ ಇಟ್ಟ ಕೈ, ನನ್ನನ್ನು ಕೇಳದೆ ಇಟ್ಟಿತ್ತು. ಅದು ಹೋಗಲಿ. ಎಲುಬು ಅಂದೆನಲ್ಲ, ಆ ಮಾತು ಎಲ್ಲಿಂದ ಬಂತು? ನಾನು ಎಲುಬು ಕಂಡಿದ್ದೆನೇ? ಕೈ ರೊಟ್ಟಿ ಇಟ್ಟ ಹಾಗೆ ಬಾಯಿ ಎಲುಬು ಅಂದಿತ್ತು. ರೊಟ್ಟಿಯನ್ನಾದರೂ ತಿರುಗಿ ಎತ್ತಿಕೊಳ್ಳಬಹುದು.

ಇಬ್ಬರೂ ಸೇರಿ ಕೆಂಚನನ್ನು ಮತ್ತೆ ದವಾಖಾನೆಗೆ ಒಯ್ದು ಸಲೈನ್ ಹಾಕಿಸಿ ತಂದೆವು. ಅವಳೇ ನನ್ನ ಕಟ್ಟೆಯ ಮೇಲೆ ಕಾವಲು ಕೂತಳು. ನಾನು ಎದ್ದಾಗಲೆಲ್ಲ, "ಅಕ್ಕಾ, ಕೈ!" ಸಂಜೆಗೆ ನಾಯಿ ಗಂಜಿ ನೆಕ್ಕಿತು, ಕಿವಿ ಕೆರೆದುಕೊಂಡಿತು. ರಾಡಿ ನಿಂತಿತು.

"ನಾಯಿ ಉಳೀತು ಬಿಡು," ಅಂದಳು ಖಾತೂನಬಿ. ಎದ್ದು ಹೋದಳು.

ತಪ್ಪಾಯಿತು ಅನ್ನುವ ಮಾತು ನನ್ನ ಬಾಯಿಗೆ ರೂಢಿಯಿಲ್ಲ.

ಮರುದಿನ ಬೆಳಿಗ್ಗೆ ನಾನು ಒಲೆ ಹೊತ್ತಿಸಲಿಲ್ಲ. ಖಾತೂನಬಿಯ ಒಲೆಯ ಮುಂದೆ ಹೋಗಿ ಕೂತೆ, ಅವಳು ಹಂಚಿನಿಂದ ತೆಗೆದ ಕೊನೆಯ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿಸಿಕೊಂಡು ತಿಂದೆ.